ಗಂಜಾಂ ರೂಮಿನ ಅಡುಗೆಯವಳು

ಸಾವಿನ ಮನೆಯವರ ಮೇಲೆ ಸಿಟ್ಟು ಮಾಡಿಕೊಂಡವಳು ಅನ್ನಿಸಿಕೊಳ್ಳಲು ಯಾರಿಗೂ ಇಷ್ಟವಿರುವುದಿಲ್ಲ. ಹಾಗಾಗಿ ಈ ವಿಷಯವನ್ನು ನಾನು ಪೂರ್ತಿಯಾಗಿ ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಆದರೆ ನನ್ನ ಸಿಟ್ಟು ಸತ್ತವರ ಮೇಲೆ ಅಲ್ಲ, ಅತ್ತುಕೊಂಡು ಬಂದವರ ಮೇಲೂ ಅಲ್ಲ. ನನ್ನ ಜೊತೆ ಒಂದೇ ರೂಮಿನಲ್ಲಿ ಇದ್ದ ಇಬ್ಬರು ಹುಡುಗಿಯರ ಮೇಲೆ. ಅದು ಇವತ್ತಿಗೂ ಹೋಗಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನನಗೆ ಶ್ರೀರಂಗಪಟ್ಟಣದಲ್ಲಿ ಟಿ.ಸಿ.ಎಚ್. ಅನ್ನುವ ಶಿಕ್ಷಕರ ತರಬೇತಿಗೆ ಸೀಟು ಸಿಕ್ಕಿತ್ತು. ನಮ್ಮೂರು ನಾಗಮಂಗಲ ತಾಲ್ಲೂಕಿನ ದೇವಲಾಪುರದ ಹತ್ತಿರ. ಮಳೆ ಬಂದರೆ ರಾಗಿ, ಹುರುಳಿ. ಇಲ್ಲದಿದ್ದರೆ ಎಮ್ಮೆಯ ಹಾಲೇ ಗತಿ. ನಮ್ಮ ಮನೆಯಲ್ಲಿ ಮೇಷ್ಟ್ರಾಗಲು ಹೊರಟವರಲ್ಲಿ ನಾನೇ ಮೊದಲನೆಯವಳು. ಅಪ್ಪ ಒಂದು ಹೊಸ ಬತ್ತಿ ಸ್ಟೌವ್, ಪಾತ್ರೆಗಳು, ಮುದ್ದೆ ತಿರುವುವ ಕೋಲು, ಒಂದು ಚೀಲ ರಾಗಿ ಹಿಟ್ಟು ಎಲ್ಲವನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು, ಗಂಜಾಂನ ಒಂದು ಹೆಂಚಿನ ಮನೆಯ ಹಿಂಭಾಗದಲ್ಲಿ ನನ್ನನ್ನು ಇಳಿಸಿ ಹೋದ. ಮುಂಭಾಗದಲ್ಲಿ ಮನೆಯ ಯಜಮಾನಿ ಒಬ್ಬಳೇ ಇದ್ದಳು, ವಯಸ್ಸಾದ ಹೆಂಗಸು. ಹಿಂದೆ ನಮಗೆ ಒಂದು ರೂಮು, ಅದರ ಮೂಲೆಯಲ್ಲೇ ಅಡುಗೆಯ ಕಟ್ಟೆ, ಹಿತ್ತಲಲ್ಲಿ ಬಚ್ಚಲು.

ಜೊತೆಗಿದ್ದವರಲ್ಲಿ ಒಬ್ಬಳು ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿ ಕಡೆಯವಳು. ನಾಲೆ ನೀರಿನ ಗದ್ದೆ, ಕಬ್ಬು, ಟ್ರಾಕ್ಟರು ಇದ್ದ ಮನೆ. ರೂಮು ಹುಡುಕಿದವನು ಅವಳ ಅಪ್ಪ. ಬಾಡಿಗೆ ಮೂವರೂ ಸಮನಾಗಿ ಹಾಕುತ್ತಿದ್ದರೂ ಅದು ಮನೆಯ ಅಜ್ಜಿಯ ಕೈ ಸೇರುತ್ತಿದ್ದುದು ಅವಳ ಕೈಯಿಂದ. ಬೀಗದ ಕೈಯೂ ಅವಳ ಹತ್ತಿರವೇ. ಇನ್ನೊಬ್ಬಳು ಪಾಂಡವಪುರದವಳು, ಬಟ್ಟೆ ಅಂಗಡಿಯವರ ಮಗಳು. ಮೆತ್ತಗಿನ ದನಿ. ಯಾವುದಕ್ಕೂ ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಿರಲಿಲ್ಲ, ತಟ್ಟೆಯಲ್ಲಿ ಬಿದ್ದದ್ದನ್ನು ಮಾತ್ರ ತಪ್ಪದೆ ತಿನ್ನುತ್ತಿದ್ದಳು.

ಮೊದಮೊದಲು ಎಲ್ಲ ಸಣ್ಣ ವಿಷಯಗಳೇ. ಬೀದಿ ನಲ್ಲಿಯಲ್ಲಿ ನೀರು ಬರುತ್ತಿದ್ದುದು ಬೆಳಗಿನ ಜಾವ. ಸರದಿಯ ಪ್ರಕಾರ ತರೋಣ ಎಂದು ಮಾತಾಗಿತ್ತು. ಗೋವಿಂದನಹಳ್ಳಿಯವಳ ಸರದಿಯ ದಿನ ಅವಳಿಗೆ ಹೊಟ್ಟೆನೋವು, ಪಾಂಡವಪುರದವಳ ಸರದಿಯ ದಿನ ಅವಳಿಗೆ ಎಚ್ಚರವೇ ಆಗುತ್ತಿರಲಿಲ್ಲ. ಕೊಡ ಹಿಡಿದು ಹೋಗುತ್ತಿದ್ದವಳು ನಾನು. ಒದ್ದೆ ಟವೆಲು ನನ್ನ ಹಾಸಿಗೆಯ ಮೇಲೆ ಬೀಳುತ್ತಿತ್ತು. ಉಂಡ ತಟ್ಟೆ ಮಾರನೆಯ ದಿನದವರೆಗೂ ಒಣಗುತ್ತಿತ್ತು. ಅವ್ವ ಹುರಿದು ಕುಟ್ಟಿ ಕಳಿಸಿದ ಸಾರಿನ ಪುಡಿಯನ್ನು ಒಂದು ದಿನ ಗೋವಿಂದನಹಳ್ಳಿಯವಳು ಡಬ್ಬಿಯ ಸಮೇತ ತನ್ನ ಸೋದರತ್ತೆಯ ಮನೆಗೆ ಕೊಟ್ಟು ಕಳಿಸಿದಳು. ಕೇಳಿದರೆ, "ಚೆನ್ನಾಗದೆ ಅಂದ್ರು ಕಣಮ್ಮಿ, ಕೊಟ್ಟೆ. ಒಸಿ ಅಡ್ಜಸ್ಟ್ ಮಾಡ್ಕ," ಅಂದಳು. ಅವಳ ಬಾಯಲ್ಲಿ ಆ ಮಾತು ಯಾವಾಗಲೂ ನನ್ನ ಕಡೆಗೇ ತಿರುಗಿರುತ್ತಿತ್ತು. ತಾನು ಅಡ್ಜಸ್ಟ್ ಮಾಡಿಕೊಂಡದ್ದನ್ನು ನಾನು ಒಂದು ಸಲವೂ ನೋಡಲಿಲ್ಲ.

ಗಂಜಾಂ ದಾಟಿದರೆ ಸಂಗಮ. ಸತ್ತವರ ಅಸ್ಥಿ ಬಿಡಲು ಸುತ್ತಲ ತಾಲ್ಲೂಕುಗಳಿಂದ ಜನ ಅಲ್ಲಿಗೆ ಬರುತ್ತಾರೆ. ಮೊದಲ ವರ್ಷ ಒಂದು ದಿನ ಗೋವಿಂದನಹಳ್ಳಿಯವಳು, "ನಮ್ ಚಿಕ್ಕಪ್ಪಾರ ಕಡೆಯೋರು ಬೂದಿ ಬುಡಕ್ಕೆ ಬತ್ತಾವ್ರೆ. ಒದ್ದೆ ಬಟ್ಟೆಲಿ ಎಲ್ಲೋಯ್ತಾರೆ ಪಾಪ, ಇಲ್ಗೇ ಬರ್ಲಿ. ಒಸಿ ಕಾಫಿ ಕಾಯ್ಸಿರು," ಅಂದಳು. ನನಗೂ ಸರಿ ಅನ್ನಿಸಿತು. ಕಾಫಿಯ ಜೊತೆ ಉಪ್ಪಿಟ್ಟನ್ನೂ ಮಾಡಿದೆ. ಹೆಂಡತಿಯನ್ನು ಕಳೆದುಕೊಂಡ ಒಬ್ಬ ಮುದುಕ ಉಪ್ಪಿಟ್ಟು ತಿನ್ನುತ್ತಾ ತಿನ್ನುತ್ತಾ ಅತ್ತುಬಿಟ್ಟ. ನೀರು ಕೊಟ್ಟು ಪಕ್ಕದಲ್ಲಿ ನಿಂತಿದ್ದೆ. ಅವತ್ತು ನನಗೆ ಬೇಸರವಿರಲಿಲ್ಲ. ಇಂಥ ಹೊತ್ತಿನಲ್ಲಿ ಒಂದು ತುತ್ತು ಹಾಕಲಾಯಿತಲ್ಲ ಎಂದುಕೊಂಡೆ.

ಆದರೆ ಆ ಸುದ್ದಿ ಊರು ಸೇರಿತು. ನಮ್ಮ ಹುಡುಗಿಯ ರೂಮು ಇದೆ, ಅಲ್ಲಿ ಎಲ್ಲ ಅನುಕೂಲವಾಗುತ್ತದೆ ಎಂದು. ಆಮೇಲೆ ಅವಳ ಸೋದರಮಾವನ ಬೀಗರು ಬಂದರು, ಪಕ್ಕದ ಮನೆಯವರು ಬಂದರು, ಅವಳಿಗೇ ಹೆಸರು ಗೊತ್ತಿಲ್ಲದ ಊರಿನವರು ಬಂದರು. ಕೆ.ಆರ್. ಪೇಟೆಯ ಆ ಮೂಲೆಯಲ್ಲಿ ಯಾರು ಕಣ್ಣು ಮುಚ್ಚಿದರೂ ನನ್ನ ಸ್ಟೌವ್ ಹತ್ತಬೇಕಾಗಿತ್ತು. ನದಿಯಲ್ಲಿ ಮುಳುಗಿ ಬಂದವರು ರೂಮಿನಲ್ಲಿ ಬಟ್ಟೆ ಬದಲಿಸುವಾಗ ನಾನು ಪುಸ್ತಕ ಹಿಡಿದು ಹಿತ್ತಲಿನ ಕಲ್ಲಿನ ಮೇಲೆ ಕೂರುತ್ತಿದ್ದೆ. ಆಮೇಲೆ ಒಳಗೆ ಹೋಗಿ ಅನ್ನ ಬಸಿಯುತ್ತಿದ್ದೆ. ಅವಳು ಬಂದವರ ನಡುವೆ ಕೂತು ಊರಿನ ಸುದ್ದಿ ಕೇಳುತ್ತಿದ್ದಳು. ಮನೆಯ ಅಜ್ಜಿ ಸೂತಕದವರು ಅಂತ ಮೊದಲ ಸಲ ಗೊಣಗಿದ್ದಳು. ಗೋವಿಂದನಹಳ್ಳಿಯಿಂದ ತೆಂಗಿನಕಾಯಿ, ಬೆಲ್ಲ ಬರತೊಡಗಿದ ಮೇಲೆ ಸುಮ್ಮನಾದಳು.

ಎರಡನೆಯ ವರ್ಷ ನನಗೆ ತಡೆಯಲಾಗಲಿಲ್ಲ. "ನಿನ್ ನೆಂಟ್ರಿಗೆ ನೀನೇ ಮಾಡಾಕಮ್ಮಿ. ನಂಗೆ ಓದೋದದೆ," ಅಂದೆ.

"ನಂಗೆ ಮುದ್ದೆ ಕಟ್ಟಕ್ಕೆ ಬರಕ್ಕಿಲ್ಲ. ಸತ್ತೋರ್ ಮನೆಯೋರ್ನ ಅಸ್ಕೊಂಡು ಕಳ್ಸು ಅಂತೀಯಾ? ನಿಂಗೆ ಮನ್ಸಾದ್ರೂ ಎಂಗ್ ಬತ್ತದೆ?"

ಒಲೆ ಹಚ್ಚಬೇಕಾದಾಗಲೆಲ್ಲ ಅವಳು ಸಾವನ್ನು ಮುಂದೆ ತಂದು ನಿಲ್ಲಿಸುತ್ತಿದ್ದಳು. ಅದರ ಹಿಂದೆ ತಾನು ಆರಾಮಾಗಿ ಕೂರುತ್ತಿದ್ದಳು. ನಾನು ಪಾಂಡವಪುರದವಳ ಕಡೆ ತಿರುಗಿ, ನೀನಾದರೂ ಹೇಳು ಅಂದೆ. ಅವಳು ಉಗುರಿನ ಬಣ್ಣ ಕೆರೆಯುತ್ತಾ, "ನನ್ನ ಯಾಕೆ ಕೇಳ್ತೀರಾ, ನೀವ್ ನೀವೇ ಮಾತಾಡ್ಕಳಿ," ಅಂದಳು. ಅವತ್ತು ಸಂಜೆ ಉಳಿದ ಅನ್ನವನ್ನು ಅವಳೇ ಮೊದಲು ಬಡಿಸಿಕೊಂಡಳು.

ಕೊನೆಯ ಪರೀಕ್ಷೆಗೆ ಮುಂಚೆ ನಮಗೆ ಶಾಲೆಗಳಲ್ಲಿ ಪಾಠ ಮಾಡುವ ಅಭ್ಯಾಸವಿರುತ್ತಿತ್ತು. ಅದರಲ್ಲಿ ಒಂದು ಪಾಠವನ್ನು ನಮ್ಮ ಮೇಷ್ಟ್ರು ಹಿಂದಿನ ಸಾಲಿನಲ್ಲಿ ಕೂತು ನೋಡಿ ಅಂಕ ಹಾಕುತ್ತಿದ್ದರು. ನನಗೆ ಬಂದದ್ದು ನಾಲ್ಕನೆಯ ತರಗತಿಯ 'ನಮ್ಮ ಜಿಲ್ಲೆ'. ದೊಡ್ಡ ಡ್ರಾಯಿಂಗ್ ಹಾಳೆಗಳಲ್ಲಿ ಮಂಡ್ಯ ಜಿಲ್ಲೆಯ ನಕ್ಷೆ ಬರೆದು, ಒಂದೊಂದು ತಾಲ್ಲೂಕಿಗೆ ಒಂದೊಂದು ಬಣ್ಣ ಹಚ್ಚಿದ್ದೆ. ಕಾವೇರಿ, ಹೇಮಾವತಿ, ಲೋಕಪಾವನಿಯನ್ನು ನೀಲಿಯಲ್ಲಿ ಎಳೆದಿದ್ದೆ. ಬೆಳೆಗಳ ಹಾಳೆಯಲ್ಲಿ ನಿಜವಾದ ಕಾಳುಗಳನ್ನೇ ಗೋಂದು ಹಾಕಿ ಅಂಟಿಸಿದ್ದೆ. ನಾಗಮಂಗಲಕ್ಕೆ ನಮ್ಮ ಹೊಲದ ರಾಗಿ, ಪಾಂಡವಪುರಕ್ಕೆ ಕಬ್ಬಿನ ಸಿಪ್ಪೆ, ಶ್ರೀರಂಗಪಟ್ಟಣಕ್ಕೆ ಪಾಲಹಳ್ಳಿಯ ಸಹಪಾಠಿಯೊಬ್ಬಳು ತಂದುಕೊಟ್ಟ ಭತ್ತ. ಎಲ್ಲವನ್ನೂ ಸುತ್ತಿ, ದಾರ ಕಟ್ಟಿ, ಕೈಗೆಟುಕದ ಹಾಗೆ ಗೋಡೆಯ ಎತ್ತರದ ಗೂಡಿನಲ್ಲಿ ಇಟ್ಟಿದ್ದೆ. ಅಷ್ಟು ಆಸೆಯಿಂದ ನಾನು ಮತ್ಯಾವ ಕೆಲಸವನ್ನೂ ಮಾಡಿರಲಿಲ್ಲ.

ಪಾಠದ ಹಿಂದಿನ ದಿನ ಮಧ್ಯಾಹ್ನ ಶಾಲೆಯಿಂದ ಬಂದರೆ ಬಾಗಿಲು ಒಳಗಿನಿಂದ ಹಾಕಿತ್ತು. ಗಂಡಸರ ದನಿ. ಹಿತ್ತಲಿನಲ್ಲಿ ಕಾಯುತ್ತಾ ನಿಂತೆ. ಬಾಗಿಲು ತೆರೆದಾಗ ಒಳಗೆ ಆರೇಳು ಜನ. ನನ್ನ ಹಾಸಿಗೆ ಬಿಚ್ಚಿ ಒಬ್ಬ ಹಿರಿಯರು ಮಲಗಿದ್ದರು. ನನ್ನ ಸ್ಟೌವ್ ಹೊಗೆ ಕಾರುತ್ತಿತ್ತು, ಯಾರೋ ಬತ್ತಿ ಜಾಸ್ತಿ ಎತ್ತಿದ್ದರು. ನೆಲದ ಮೇಲೆ ಉದ್ದಕ್ಕೆ ನನ್ನ ಹಾಳೆಗಳನ್ನು ಹಾಸಿದ್ದರು. ಅವುಗಳ ಮೇಲೆ ಹಿಂಡಿದ ಪಂಚೆ, ಸೀರೆಗಳ ರಾಶಿ. ನೀರು ಇಳಿದು ಜಿಲ್ಲೆಯ ಬಣ್ಣವೆಲ್ಲ ಒಂದರೊಳಗೊಂದು ಕಲಸಿ ಕೆಸರಾಗಿತ್ತು. ರಾಗಿ ಕಾಳು ಯಾರದೋ ಅಂಗಾಲಿಗೆ ಮೆತ್ತಿತ್ತು.

ಗೋವಿಂದನಹಳ್ಳಿಯವಳು ಅಲ್ಲಿರಲಿಲ್ಲ. ಬಂದವರ ಕೈಗೆ ಬೀಗದ ಕೈ ಕೊಟ್ಟು, ಪಾಂಡವಪುರದವಳನ್ನು ಕರೆದುಕೊಂಡು ಮೈಸೂರಿಗೆ ಹೋಗಿದ್ದಳಂತೆ. ಯಾಕೆ ಎಂದು ಅವರಿಗೂ ಗೊತ್ತಿರಲಿಲ್ಲ.

ನಾನು ಬಗ್ಗಿ ಬಟ್ಟೆಗಳನ್ನು ಎತ್ತಿ ಹಾಕಲು ಶುರುಮಾಡಿದೆ. ಅಷ್ಟರಲ್ಲಿ ಗೋವಿಂದನಹಳ್ಳಿಯವಳ ದೊಡ್ಡಪ್ಪ, "ಬಂದ್ಯಾ ಮಗ, ಒಳ್ಳೇದಾಯ್ತು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನಾವು. ಬಿರ್ರನೆ ಒಸಿ ಸಾರು ಮುದ್ದೆ ಮಾಡು," ಅಂದರು. ಜೋರಾಗಿ ಹೇಳಲಿಲ್ಲ. ಮನೆಯ ಆಳಿಗೆ ಮೆತ್ತಗೆ ಹೇಳುತ್ತಾರಲ್ಲ, ಹಾಗೆ.

"ಈ ಹಾಳೆ ಯಾರು ತಗೆದ್ರು?" ಅಂದೆ.

"ರದ್ದಿ ಅಂದ್ಕಂಡ್ವಿ ಕಣವ್ವ. ನೆಲ ಒದ್ದೆ ಆಗ್ಬಾರ್ದು ಅಂತ ಹಾಕ್ದೊ."

ಅವಳ ದೊಡ್ಡಮ್ಮ ಗೋಡೆಗೆ ಒರಗಿ ಕೂತಿದ್ದರು. ಅತ್ತು ಅತ್ತು ಮುಖ ಊದಿತ್ತು. ಅಂದು ಬೆಳಿಗ್ಗೆ ಸಂಗಮದಲ್ಲಿ ಬಿಟ್ಟು ಬಂದದ್ದು ಅವರ ತಾಯಿಯ ಅಸ್ಥಿಯನ್ನು. ಅವರು ಚೀಲದಿಂದ ಒಂದು ಮಡಿಸಿದ ಸೀರೆಯನ್ನು ತೆಗೆದು ನನ್ನ ಕಡೆ ಚಾಚಿದರು. ಹೂವಿನ ಅಂಚಿನ ಹತ್ತಿ ಸೀರೆ, ಒಗೆದು ಒಗೆದು ಮೃದುವಾಗಿತ್ತು.

"ನಮ್ಮವ್ವುಂದು ಕಣವ್ವ. ನೀನು ನಮ್ಮೋರಿಗೆ ಸುಮಾರು ದಪ ಮಾಡಾಕಿದ್ದೀಯ. ನಮ್ ಉಡ್ಗಿ ಯೋಳ್ತಾ ಇರ್ತಾಳೆ. ಗತಿಯಿಲ್ದೋರ ಮನೆ ಮಗು, ಬಾಡ್ಗೆ ಇಲ್ದೆ ರೂಮಲ್ಲಿ ಇಟ್ಕೊಂಡಿದೀನಿ, ಅಡ್ಗೆ ನೀರು ಎಲ್ಲಾ ಅವ್ಳೇ ನೋಡ್ಕತಾಳೆ ಅಂತ. ಉಟ್ಕೊ ಮಗ, ಏನೂ ಅಂದ್ಕಬ್ಯಾಡ."

ಎರಡು ವರ್ಷದಿಂದ ಈ ಜನ ನನ್ನನ್ನು ನೋಡುತ್ತಿದ್ದ ರೀತಿ, ತಟ್ಟೆಯನ್ನು ಮುಂದಕ್ಕೆ ಸರಿಸಿ ಎದ್ದುಹೋಗುತ್ತಿದ್ದ ರೀತಿ, ಹೊರಡುವಾಗ ಉಳಿದ ಬಾಳೆಹಣ್ಣನ್ನು ನನ್ನ ಕೈಗೇ ಯಾಕೆ ಇಡುತ್ತಿದ್ದರು ಅನ್ನುವುದು, ಎಲ್ಲ ಒಟ್ಟಿಗೆ ಅರ್ಥವಾಯಿತು. ಆ ಹೆಂಗಸಿನ ಮೇಲೆ ಹೇಗೆ ಸಿಟ್ಟು ಮಾಡಿಕೊಳ್ಳಲಿ? ಅವರು ತಮ್ಮ ತಾಯಿಯ ಸೀರೆಯನ್ನು ನನಗೆ ಕೊಡುತ್ತಿದ್ದರು. ಅದಕ್ಕಿಂತ ಪ್ರೀತಿಯದ್ದು ಅವತ್ತು ಅವರ ಬಳಿ ಇರಲಿಲ್ಲ.

"ಬ್ಯಾಡಮ್ಮ," ಅಂದೆ. "ನಾನು ಕೆಲ್ಸದೋಳಲ್ಲ. ಅವ್ಳ ಜೊತೆ ಓದ್ತಿರೋಳು. ಬಾಡ್ಗೆ ಅವ್ಳು ಎಷ್ಟು ಹಾಕ್ತಾಳೋ ನಾನೂ ಅಷ್ಟೇ ಹಾಕ್ತೀನಿ. ಈ ಸ್ಟೌವ್ ನಂದು, ಪಾತ್ರೆ ನಂದು. ನಾಳಿಕ್ಕೆ ಶಾಲೆಲಿ ನನ್ ಪಾಠ ಅದೆ. ನೀವು ಹಾಸಿರೋದು ಅದುಕ್ಕೆ ಬರ್ದಿದ್ದ ಹಾಳೆ."

ಮಲಗಿದ್ದ ಹಿರಿಯರು ನಿಧಾನವಾಗಿ ಎದ್ದು ನನ್ನ ಹಾಸಿಗೆಯನ್ನು ತಾವೇ ಸುತ್ತಿದರು. ದೊಡ್ಡಪ್ಪ ಒಂದು ಹಾಳೆಯನ್ನು ಎತ್ತಿ ಕೊಡವಿದರು, ನೀರು ತೊಟ್ಟಿಕ್ಕಿತು, ಮತ್ತೆ ಕೆಳಗಿಟ್ಟರು. ದೊಡ್ಡಮ್ಮ ಸೀರೆಯನ್ನು ಎದೆಗೆ ಒತ್ತಿಕೊಂಡು ತಲೆ ತಗ್ಗಿಸಿದರು.

ಅವರು ಬಸ್ಸಿಗೆ ಹೊರಡುವ ಹೊತ್ತಿಗೆ ಗೋವಿಂದನಹಳ್ಳಿಯವಳು ಬಂದಳು. ತಲೆ ತುಂಬಾ ಮಲ್ಲಿಗೆ. ಹಿಂದೆ ಪಾಂಡವಪುರದವಳು, ಕೈಯಲ್ಲಿ ಕಡ್ಲೆಕಾಯಿ ಪೊಟ್ಟಣ.

"ಎಲ್ಲೋಗಿದ್ದೆ?" ದೊಡ್ಡಮ್ಮ ಕೇಳಿದರು.

"ಮೈಸೂರಿಗೆ ದೊಡ್ಡವ್ವ. ಕಾಲೇಜ್ ಕೆಲ್ಸ."

ಪಾಂಡವಪುರದವಳು ನೆಲ ನೋಡಿದಳು. ಸಿನಿಮಾ ಟಿಕೆಟ್ಟಿನ ಅರ್ಧ ತುಂಡು ಅವಳ ಬೆರಳಿನಲ್ಲಿ ಇನ್ನೂ ಸುರುಳಿ ಸುತ್ತಿಕೊಂಡಿತ್ತು.

ನಾನು ಎದ್ದು ಗೋವಿಂದನಹಳ್ಳಿಯವಳ ಎದುರು ನಿಂತೆ. "ನಾನ್ಯಾರು ಅಂತ ಇವ್ರಿಗೆ ಯೋಳು."

"ಏನಮ್ಮಿ ನಿಂದು?"

"ನಾನು ನಿನ್ ಅಡ್ಗೆಯೋಳಾ? ನೀನು ನಂಗೆ ಅನ್ನ ಹಾಕ್ತಿದ್ದೀಯಾ? ಇವ್ರ ಮುಂದೆ ಯೋಳು."

ಅವಳು ನಕ್ಕಳು. ಆ ನಗು ಇವತ್ತಿಗೂ ನನ್ನ ಕಣ್ಣ ಮುಂದಿದೆ. "ಅಯ್ಯೋ, ತಮಾಸೆಗೆ ಅಂದಿದ್ದು. ಅದ್ನೇ ಇಟ್ಕೊಂಡು ಇಷ್ಟೊಂದು ಆಡ್ತೀಯಲ್ಲ. ಹಾಳೆ ತಾನೆ, ಇನ್ನೊಂದ್ಸಲ ಬರ್ಕೊ. ಸತ್ತೋರ್ ಮನೆಯೋರ್ ಮುಂದೆ ಇಂಗೆ ಕೂಗಾಡ್ತಾರಾ?"

ದೊಡ್ಡಮ್ಮ ಎದ್ದು ನಿಂತರು. "ಸತ್ತೋಳು ನಮ್ಮವ್ವ. ಅವ್ಳ ಬೂದಿ ಬುಡಕ್ಕೆ ಬಂದ್ರೆ ನೀನು ಹೂ ಮುಡ್ಕೊಂಡು ಮೈಸೂರಿಗೆ ಹೋಗಿದ್ದೆ. ಈಗ ನಮ್ಮವ್ವುನ ಎಸ್ರು ಎತ್ಬ್ಯಾಡ ನೀನು," ಅಂದರು. ಆಮೇಲೆ ನನ್ನ ಕಡೆ ನೋಡಲಾರದೆ ಹೊರಗೆ ನಡೆದರು. ಎಲ್ಲರೂ ಉಣ್ಣದೇ ಹೊರಟುಹೋದರು.

ಪಾಂಡವಪುರದವಳನ್ನು ಕೇಳಿದೆ, "ನಿಂಗೆ ಗೊತ್ತಿತ್ತಾ?"

"ಮೊದ್ಲಿಂದ್ಲೂ ಗೊತ್ತಿತ್ತು. ಯೋಳಿದ್ರೆ ಜಗ್ಳ ಆಯ್ತದಲ್ಲ ಅಂತ ಸುಮ್ನಿದ್ದೆ."

ಸುಳ್ಳು ಹೇಳಿದವಳಿಗಿಂತ ಅವಳ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು. ಎರಡು ವರ್ಷ ನಾನು ಅವಳ ತಟ್ಟೆಗೆ ಮುದ್ದೆ ಹಾಕುವಾಗಲೆಲ್ಲ ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ, ಸಾಲಲಿಲ್ಲ ಅಂದರೆ ಇನ್ನೊಂದಿಷ್ಟು ಹಾಕು ಅನ್ನುತ್ತಿದ್ದಳು.

ಬೆಳಿಗ್ಗೆ ಮನೆಯ ಅಜ್ಜಿಗೆ ವಿಷಯ ಹೇಳಲು ಹೋದೆ. ಅಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡು, "ನಂಗೂ ಅಂಗೇ ಯೋಳಿದ್ಲಲ್ಲವ್ವ. ಅದುಕ್ಕೇ ಅಲ್ವಾ ನಾನು ಅಂಗ್ಳ ಗುಡ್ಸು ಅಂತ ನಿನ್ನೇ ಕರೀತಿದ್ದುದು," ಅಂದಳು. ಹೌದು, ನನ್ನನ್ನು ಮಾತ್ರ ಕರೆಯುತ್ತಿದ್ದಳು. ವಯಸ್ಸಾದವಳು, ನನ್ನನ್ನು ಕಂಡರೆ ಇಷ್ಟ ಇರಬೇಕು ಎಂದುಕೊಂಡು ಅಷ್ಟು ದಿನ ಸಂತೋಷದಿಂದಲೇ ಗುಡಿಸಿದ್ದೆ.

ಪಾಠ ಚೆನ್ನಾಗಿ ಆಗಲಿಲ್ಲ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಜಿಲ್ಲೆಯ ನಕ್ಷೆ ಬರೆಯಲು ಹೋಗಿ ನಾಗಮಂಗಲ ತಾಲ್ಲೂಕು ಗಡಿಗೆಯ ಹಾಗಾಯಿತು. ಮಕ್ಕಳು ನಕ್ಕರು. ಮುಗಿದ ಮೇಲೆ ಮೇಷ್ಟ್ರು, "ಪಾಠೋಪಕರಣ ಎಲ್ಲಿ? ಬರಿಗೈಲಿ ಬರೋದಾ?" ಅಂದರು. ಹಾಳಾಯಿತು ಸಾರ್ ಅಂದೆ. "ಎಲ್ಲರೂ ಅದನ್ನೇ ಹೇಳ್ತಾರೆ," ಎಂದು ಬರೆದುಕೊಂಡರು. ಗೋವಿಂದನಹಳ್ಳಿಯವಳ ಪಾಠ ಅದಾದ ಮೇಲೆ ಇತ್ತು. ಅವಳು ಮೈಸೂರಿನ ಅಂಗಡಿಯಿಂದ ಅಚ್ಚು ಹಾಕಿದ ಪಟ ತಂದು ನೇತುಹಾಕಿದಳು. ಅವಳಿಗೆ ನನಗಿಂತ ಒಳ್ಳೆಯ ಅಂಕ ಬಂತು.

ನಾನು ಅಲ್ಲಿ ಉಳಿಯಲಿಲ್ಲ. ಭತ್ತ ತಂದುಕೊಟ್ಟಿದ್ದ ಸಹಪಾಠಿ ತನ್ನ ಮನೆಯಲ್ಲಿ ಕೇಳಿ, ಪಾಲಹಳ್ಳಿಯ ಅವರ ಮನೆಯ ಹಿಂದಿನ ಕೋಣೆಯನ್ನು ಬಿಡಿಸಿಕೊಟ್ಟಳು. ಸ್ಟೌವ್, ಪಾತ್ರೆ, ಕೊಡ, ಮುದ್ದೆ ಕೋಲು, ಉಪ್ಪಿನ ಡಬ್ಬಿ, ನನ್ನದು ಅಂತ ಇದ್ದ ಪ್ರತಿಯೊಂದನ್ನೂ ಗೋಣಿಚೀಲಕ್ಕೆ ತುಂಬಿದೆ. ಅವರಿಬ್ಬರೂ ಮಂಚದ ಮೇಲೆ ಕೂತು ನೋಡುತ್ತಿದ್ದರು. ಕಟ್ಟೆ ಖಾಲಿಯಾಗುತ್ತಾ ಬಂದಾಗ ತಮ್ಮದು ಅಲ್ಲಿ ಏನೂ ಇರಲಿಲ್ಲ ಅನ್ನುವುದು ಅವರಿಗೆ ತಿಳಿದ ಹಾಗೆ ಕಂಡಿತು.

ಪಾಲಹಳ್ಳಿಗೆ ಹೋದ ವಾರದಲ್ಲೇ ತರಗತಿಯ ಹೊರಗೆ ಪಾಂಡವಪುರದವಳು ನನ್ನ ಹತ್ತಿರ ಬಂದಳು. ಕಳಿಸಿದವಳು ದೂರದಲ್ಲಿ ಬೇರೆ ಕಡೆ ನೋಡುತ್ತಾ ನಿಂತಿದ್ದಳು.

"ಪರೀಕ್ಷೆ ಮುಗಿಯೋಗಂಟ ಸ್ಟೌವ್ ಕೊಟ್ಟಿರ್ತೀರಾ? ಓಟ್ಲು ಊಟ ಹೊಟ್ಟೆಗೆ ಆಯ್ತಿಲ್ಲ."

"ಕೊಡಕ್ಕಿಲ್ಲ."

"ಇಬ್ರೂ ಕಷ್ಟ ಪಡ್ತಿದೀವಿ."

"ಪಡಿ," ಅಂದು ಒಳಗೆ ಹೋದೆ. ಅವತ್ತು ನನಗೆ ಚೆನ್ನಾಗಿ ಹಸಿವಾಯಿತು.

ಕೆಲವು ವರ್ಷಗಳ ಮೇಲೆ, ಅದೇ ದಶಕದ ಕೊನೆಯಲ್ಲಿ, ಕೆ.ಆರ್. ಪೇಟೆಯಲ್ಲಿ ಶಿಕ್ಷಕರಿಗೆ ಒಂದು ತರಬೇತಿ ಇತ್ತು. ನಾನು ನಾಗಮಂಗಲ ತಾಲ್ಲೂಕಿನ ಒಂದು ಶಾಲೆಯಿಂದ ಹೋಗಿದ್ದೆ. ಊಟದ ಹೊತ್ತಿನಲ್ಲಿ ಯಾರೋ ಹಿಂದಿನಿಂದ ಭುಜ ಹಿಡಿದರು. ತಿರುಗಿದರೆ ಗೋವಿಂದನಹಳ್ಳಿಯವಳು. ಕೊರಳಲ್ಲಿ ಎರಡೆಳೆ ಸರ, ಮುಖ ತುಂಬಾ ಸಂತೋಷ. ತನ್ನ ಜೊತೆಯ ಮೇಷ್ಟ್ರುಗಳಿಗೆ ನನ್ನನ್ನು ತೋರಿಸಿ, "ಇವ್ರು ನನ್ ರೂಮ್‌ಮೇಟು. ಇವ್ರ ಕೈ ಮುದ್ದೆ ಉಪ್ಸಾರು ತಿಂದ್ಕಂಡೇ ನಾನು ಟಿ.ಸಿ.ಎಚ್. ಮುಗ್ಸಿದ್ದು. ಎಷ್ಟ್ ಚೆನ್ನಾಗಿದ್ವಿ ಅಲ್ವಾ?" ಅಂದಳು.

ನನಗೆ ಬೇಕಾಗಿದ್ದರೆ ನಗಬಹುದಿತ್ತು. ಎಲ್ಲರೂ ನಗಲು ಸಿದ್ಧರಾಗಿ ನಿಂತಿದ್ದರು.

"ತಿಂದಿದ್ದು ನಿಜ," ಅಂದೆ. "ನನ್ನನ್ನ ಅಡ್ಗೆ ಕೆಲ್ಸದೋಳು ಅಂತ ನಿಮ್ ಊರ್ಗೆಲ್ಲಾ ಯೋಳಿದ್ದೂ ನಿಜ. ಅದ್ನೂ ಯೋಳಿ ಇವ್ರಿಗೆ."

ಅವಳ ಕೈ ನನ್ನ ಭುಜದಿಂದ ಇಳಿಯಿತು. "ಅಯ್ಯೋ, ಅದ್ನ ಇನ್ನೂ ಮಡಿಕ್ಕಂಡಿದೀರಾ?"

ಹಿರಿಯ ಮೇಷ್ಟ್ರೊಬ್ಬರು ನಡುವೆ ಬಂದು, "ಹೋಗ್ಲಿ ಬುಡಿ ಮೇಡಂ. ಚಿಕ್ಕ ವಯಸ್ಸು, ಏನೋ ಅಂದಿರ್ತಾರೆ," ಅಂದರು.

"ನಂಗೂ ಅವಾಗ ಅಷ್ಟೇ ವಯಸ್ಸು ಸಾರ್," ಅಂದೆ.

ನನ್ನ ತಟ್ಟೆ ತೆಗೆದುಕೊಂಡು ನಮ್ಮ ತಾಲ್ಲೂಕಿನವರು ಕೂತಿದ್ದ ಸಾಲಿಗೆ ಹೋದೆ. ಊಟ ಮುಗಿಯುವ ತನಕ ಆ ಕಡೆ ತಿರುಗಿ ನೋಡಲಿಲ್ಲ.